ಕಲಬುರಗಿ ಬಿಟ್ಟು ಬೀದರ, ಧಾರವಾಡ ಅಥವಾ ಮಣಿಪಾಲ: ಅಪ್ಪನನ್ನೂ ಕರೆದುಕೊಂಡು ಹೋಗಬೇಕು, ಯಾವ ಊರು?

ತೊಗರಿ ಹೊಲ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ ಹೇಳಿ. ಮನೆಯಲ್ಲಿ ಒಂದು ತಿಂಗಳಿಂದ ಇದೇ ಮಾತು ನಡೆದಿದೆ, ತೀರ್ಮಾನ ಆಗುತ್ತಿಲ್ಲ.

ನಾವು ಇರುವುದು ಕಲಬುರಗಿಯ ಜೇವರ್ಗಿ ಕಾಲೊನಿಯಲ್ಲಿ, ಬಾಡಿಗೆ ಮನೆ. ನಾನು, ಹೆಂಡತಿ, ಎಂಟನೇ ಕ್ಲಾಸ್ ಓದುವ ಮಗಳು, 71 ವರ್ಷದ ಅಪ್ಪ. ಅವ್ವ ಹೋಗಿ ಆರು ವರ್ಷ ಆಯಿತು. ನನ್ನದು ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ಕೆಲಸ. ಕೊರೊನಾ ಕಾಲದಲ್ಲಿ ಮನೆಯಿಂದ ಶುರುವಾಗಿದ್ದು ಹಾಗೇ ಉಳಿದುಕೊಂಡಿದೆ. ಕರೆಂಟ್ ಮತ್ತು ನೆಟ್ ಇದ್ದರೆ ಸಾಕು, ಯಾವ ಊರಲ್ಲಾದರೂ ಕೂತು ಮಾಡುತ್ತೇನೆ. ಊರು ಬದಲಿಸಬೇಕಾಗಿರುವುದು ಹೆಂಡತಿಯ ಕೆಲಸಕ್ಕಾಗಿ.

ಅವಳು ಎಂ.ಎಸ್ಸಿ. ನರ್ಸಿಂಗ್ ಮಾಡಿದ್ದಾಳೆ. ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಒಂಬತ್ತು ವರ್ಷ ಪಾಠ ಮಾಡಿದಳು. ಕಳೆದ ವರ್ಷದಿಂದ ಸಂಬಳ ಮೂರು ತಿಂಗಳಿಗೊಮ್ಮೆ, ಅದೂ ಅರ್ಧ. ಊರಲ್ಲಿ ಬೇರೆ ಕಡೆ ಕೇಳಿ ನೋಡಿದೆವು, ಜಾಗ ಖಾಲಿ ಇಲ್ಲ. ಈಗ ಹೊರಗೆ ಮೂರು ಕಡೆ ಮಾತಾಗಿದೆ. ಮಣಿಪಾಲದಲ್ಲಿ ಸಂಬಳ ಎಲ್ಲಕ್ಕಿಂತ ಜಾಸ್ತಿ. ಧಾರವಾಡದಲ್ಲಿ ಅದಕ್ಕಿಂತ 8 ಸಾವಿರ ಕಡಿಮೆ. ಬೀದರದಲ್ಲಿ 17 ಸಾವಿರ ಕಡಿಮೆ. ಮೂರೂ ಕಡೆಯವರು ಹೊಸ ವರ್ಷದಿಂದ ಬನ್ನಿ ಎಂದಿದ್ದಾರೆ.

ಸಂಬಳವೊಂದನ್ನೇ ನೋಡುವುದಾದರೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ನರ್ಸಿಂಗ್ ಓದುವಾಗ ಅವಳು ಒಮ್ಮೆ ಮಣಿಪಾಲಕ್ಕೆ ಹೋಗಿ ಬಂದಿದ್ದಳು. ಅಲ್ಲಿನ ಆಸ್ಪತ್ರೆ, ಅಲ್ಲಿನ ಲೈಬ್ರರಿ ಬಗ್ಗೆ ಇವತ್ತಿಗೂ ಹೇಳುತ್ತಾಳೆ. ಆ ಆಸೆ ನನಗೆ ಗೊತ್ತು, ಅದಕ್ಕೆ ಅಡ್ಡ ಬರಬಾರದು ಅಂತ ನನಗೂ ಇದೆ.

ಅಡ್ಡಿ ಇರುವುದು ಅಪ್ಪನ ವಿಷಯದಲ್ಲಿ. ಕಮಲಾಪುರದ ಹತ್ತಿರ ನಮ್ಮದು ಐದು ಎಕರೆ ಕರಿನೆಲ. ಪಾಲಿಗೆ ಕೊಟ್ಟಿದ್ದೇವೆ, ಆದರೂ ಅಪ್ಪ ವಾರಕ್ಕೊಮ್ಮೆ ಹೋಗಿ ನೋಡಿ ಬಾರದೆ ಇರುವುದಿಲ್ಲ. ಬೆಳಗ್ಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬೀದರ ಕಡೆ ಬಸ್ ಹತ್ತುತ್ತಾರೆ, ಸಂಜೆ ವಾಪಸ್. ಎಡಗಾಲಿನ ಮಂಡಿ ನೋವಿದೆ, ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕು. ಉಳಿದ ದಿನ ಸಂಜೆ ಐದಕ್ಕೆ ನಮ್ಮ ಓಣಿಯ ಹಣಮಪ್ಪನ ಗುಡಿ ಕಟ್ಟೆ. ಅಲ್ಲಿ ಅವರ ವಯಸ್ಸಿನ ಮೂವರು ಇರುತ್ತಾರೆ. ಒಬ್ಬರು ಪೇಪರ್ ಜೋರಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ತೊಗರಿ ರೇಟು ಬಂದ ಕಡೆ ಮಾತು ನಿಲ್ಲುತ್ತದೆ, ಏಳರ ತನಕ ಮುಂದಕ್ಕೆ ಹೋಗುವುದಿಲ್ಲ.

ಊರು ಬದಲಿಸುವ ಮಾತು ತೆಗೆದ ದಿನ ಅಪ್ಪ ಊಟದ ತಟ್ಟೆ ಮುಂದೆ ಕೂತೇ ಕೇಳಿದರು: "ನೀವು ಎಲ್ಲಿ ಅಂತೀರಿ ಅಲ್ಲಿ ಬರ್ತೀನಪ. ಆದ್ರ ಅಲ್ಲಿ ನನ್ನ ಸಂಗಟ ಮಾತಾಡವ್ರು ಯಾರು?" ನನಗೆ ಉತ್ತರ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಮಗಳಿಗೆ ಮುಂದೆ ಬಿ.ಎಸ್ಸಿ. ಕೃಷಿ ಓದುವ ಮನಸ್ಸಿದೆ. ಅಜ್ಜನ ಜೊತೆ ಹೊಲಕ್ಕೆ ಹೋಗಿ ಹೋಗಿ ಬಂದ ಮನಸ್ಸು ಅದು.

ಈ ಮೂರು ಊರುಗಳಲ್ಲಿ ಇದ್ದವರು, ಈಗ ಇರುವವರು ಹೇಳಿ. ಕಾಲೇಜು ಹೇಗಿದೆ ಅಂತ ನಾವೇ ವಿಚಾರಿಸಿದ್ದೇವೆ. ನನಗೆ ಬೇಕಾಗಿರುವುದು ಮನೆಯ ವಿಷಯ. ಮಳೆ, ಬಿಸಿಲು, ಬಾಡಿಗೆ, ಊಟ, ವಯಸ್ಸಾದವರಿಗೆ ಹೊತ್ತು ಹೇಗೆ ಹೋಗುತ್ತದೆ, ಇಲ್ಲಿಗೆ ಬಂದು ಹೋಗಲು ಎಷ್ಟು ಕಷ್ಟ. ಇದ್ದದ್ದು ಇದ್ದ ಹಾಗೆ ಹೇಳಿ.

ಸೇಡಂ ಹುಡುಗ (ಧಾರವಾಡ)

ಅಣ್ಣಾವ್ರೆ, ನಾನು ಸೇಡಂನವನು. 2008ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಎಂ.ಎ. ಓದಲು ಬಂದೆ, ಇಲ್ಲೇ ಉಳಿದೆ. ಸಪ್ತಾಪುರದಲ್ಲಿ ಝೆರಾಕ್ಸ್ ಅಂಗಡಿ ಇದೆ, ಮೇಲಿನ ಮಹಡಿಯಲ್ಲಿ ಹುಡುಗರಿಗೆ ಓದಲು ರೀಡಿಂಗ್ ರೂಮ್ ಮಾಡಿದ್ದೇನೆ. ಧಾರವಾಡದ ಬಗ್ಗೆ ಒಳ್ಳೆಯದು ಹೇಳಲು ನನಗೆ ದಿನ ಸಾಲದು, ಆದರೆ ನೀವು ಕೇಳಿದ್ದು ಮನೆಯ ವಿಷಯ. ಅದನ್ನೇ ಹೇಳುತ್ತೇನೆ.

ಮೊದಲು ಹವೆ. ನಮ್ಮ ಕಡೆಯ ಝಳ ಇಲ್ಲಿಲ್ಲ. ಏಪ್ರಿಲ್‌ನಲ್ಲೂ ಸಂಜೆ ಗಾಳಿ ಬೀಸುತ್ತದೆ. ಕೂಲರ್‌ಗೆ ನೀರು ತುಂಬುತ್ತಾ ಕೂರುವ ಕೆಲಸ ಇಲ್ಲ. ಆದರೆ ಜೂನ್‌ನಿಂದ ಆಗಸ್ಟ್ ತನಕ ಜಿಟಿಜಿಟಿ ಮಳೆ. ಜೋರಾಗಿ ಬಂದು ಹೋಗುವ ಮಳೆ ಅಲ್ಲ, ದಿನವೆಲ್ಲ ಸಣ್ಣಗೆ ಹನಿಯುತ್ತಲೇ ಇರುತ್ತದೆ. ಮಂಡಿ ನೋವಿನವರಿಗೆ ಆ ಥಂಡಿ ಕಷ್ಟ. ನನ್ನ ಅತ್ತೆಗೂ ಮಂಡಿ ನೋವು, ಆ ಮೂರು ತಿಂಗಳು ಸಂಜೆ ಹೊರಗೆ ಕಾಲಿಡುವುದಿಲ್ಲ.

ಭಾಷೆ, ಊಟದ ಚಿಂತೆ ಬೇಡ. ಮಾತು ಸ್ವಲ್ಪ ಬೇರೆ, ಆದರೆ ನಿಮ್ಮ ಅಪ್ಪನವರು ಹೇಳಿದ್ದು ಇವರಿಗೆ ತಿಳಿಯುತ್ತದೆ, ಇವರು ಹೇಳಿದ್ದು ಅವರಿಗೆ ತಿಳಿಯುತ್ತದೆ. ಜೋಳದ ರೊಟ್ಟಿ ಎಲ್ಲ ಖಾನಾವಳಿಯಲ್ಲೂ ಸಿಗುತ್ತದೆ. ಪುಂಡಿ ಪಲ್ಯ ಬೇಕೆಂದರೆ ಸಂತೆಯಲ್ಲಿ ಸಿಗುತ್ತದೆ. ಊರಿಗೆ ಓದುವ, ಮಾತಾಡುವ ಚಟ ಹಳೆಯದು. ಕರ್ನಾಟಕ ವಿದ್ಯಾವರ್ಧಕ ಸಂಘ 1890ರದ್ದು. ಅಲ್ಲಿ ಸಂಜೆ ಏನಾದರೂ ಕಾರ್ಯಕ್ರಮ ಇದ್ದೇ ಇರುತ್ತದೆ, ವಯಸ್ಸಾದವರು ಜಾಸ್ತಿ ಬರುತ್ತಾರೆ. ಮಗಳಿಗೆ ಕೃಷಿ ಅಂದಿರಿ, ಕೃಷಿ ವಿಶ್ವವಿದ್ಯಾಲಯ ಇಲ್ಲೇ ಇದೆ. ವರ್ಷಕ್ಕೊಮ್ಮೆ ಕೃಷಿ ಮೇಳ ಆಗುತ್ತದೆ. ಅಪ್ಪನವರನ್ನು ಅದಕ್ಕೆ ಕರೆದುಕೊಂಡು ಬಂದರೆ ಸಂಜೆ ತನಕ ಮನೆಗೆ ಬರಲು ಒಪ್ಪುವುದಿಲ್ಲ.

ಮನೆ ಹುಡುಕುವಾಗ ಸಪ್ತಾಪುರ ಬೇಡ. ಇಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರು ತುಂಬಿದ್ದಾರೆ. ನನ್ನ ರೀಡಿಂಗ್ ರೂಮ್‌ನಲ್ಲೇ ಅರ್ಧಕ್ಕರ್ಧ ಯಾದಗಿರಿ, ರಾಯಚೂರು, ಕಲಬುರಗಿ ಹುಡುಗರು. ಅವರಿಂದಲೇ ನನ್ನ ಮನೆ ನಡೆಯುತ್ತಿದೆ, ಅವರ ಮೇಲೆ ನನಗೆ ಪ್ರೀತಿ ಇದೆ. ಆದರೆ ಒಂದೊಂದು ಮನೆಯನ್ನೂ ಪಾಲು ಮಾಡಿ ರೂಮ್ ಮಾಡಿದ್ದಾರೆ, ಮೆಟ್ಟಿಲು ಕಡಿದು, ಬಾಡಿಗೆ ಜಾಸ್ತಿ. ಸಂಸಾರಕ್ಕೆ ಮಾಳಮಡ್ಡಿ ನೋಡಿ, ಸಾಧನಕೇರಿ ನೋಡಿ, ಕೆಲಗೇರಿ ಕಡೆ ನೋಡಿ. ಕೆಳಗಿನ ಮನೆಯೇ ಬೇಕು ಅಂತ ಹಟ ಹಿಡಿಯಿರಿ. ದೊಡ್ಡ ಆಸ್ಪತ್ರೆ ಬೇಕೆಂದರೆ ಚಿಗರಿ ಬಸ್ ಹತ್ತಿ. ಅದಕ್ಕೆ ಬೇರೆಯೇ ದಾರಿ ಇರುವುದರಿಂದ ಟ್ರಾಫಿಕ್‌ನಲ್ಲಿ ಸಿಗುವುದಿಲ್ಲ, ಹುಬ್ಬಳ್ಳಿಗೆ ಬೇಗ ಮುಟ್ಟಿಸುತ್ತದೆ.

ಇನ್ನು ದೂರ. ಇದನ್ನು ಹೇಳಲೇಬೇಕು. ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಕಲಬುರಗಿ, ಹೇಳುವುದಕ್ಕೆ ಇಷ್ಟೇ. ನಾಲ್ಕು ವರ್ಷದ ಹಿಂದೆ ರಾತ್ರಿ ಹನ್ನೊಂದೂವರೆಗೆ ಊರಿಂದ ಫೋನ್ ಬಂತು, ಅಪ್ಪನಿಗೆ ಎದೆ ನೋವು ಅಂತ. ಅಷ್ಟೊತ್ತಿಗೆ ಕಲಬುರಗಿ ಬಸ್ ಹೋಗಿಯಾಗಿತ್ತು. ಗೆಳೆಯನ ಕಾರು ತೆಗೆದುಕೊಂಡು ಹೊರಟೆ. ವಿಜಯಪುರ ದಾಟುವಾಗ ತಮ್ಮ ಮತ್ತೆ ಫೋನ್ ಮಾಡಿದ. ಏನೂ ಮಾತಾಡಲಿಲ್ಲ, ಅಳುತ್ತಿದ್ದ. ಕಾರು ರಸ್ತೆ ಬದಿ ನಿಲ್ಲಿಸಿ ಕೂತೆ. ಸೇಡಂ ಮುಟ್ಟಿದಾಗ ಬೆಳಗ್ಗೆ ಒಂಬತ್ತಾಗಿತ್ತು.

ನಿಮ್ಮ ಅಪ್ಪ ನಿಮ್ಮ ಜೊತೆಗೇ ಬರುತ್ತಾರೆ, ಆ ಮಟ್ಟಿಗೆ ನೀವು ಪುಣ್ಯವಂತರು. ಆದರೆ ಹೊಲ ಜೊತೆಗೆ ಬರುವುದಿಲ್ಲ ಅಲ್ವಾ. ವಾರಕ್ಕೊಮ್ಮೆ ಹೋಗುವವರು ಧಾರವಾಡದಿಂದ ವರ್ಷಕ್ಕೆ ಎರಡು ಸಲ ಹೋದಾರು. ಇದನ್ನು ಅವರ ಹತ್ತಿರ ಬಿಚ್ಚಿ ಮಾತಾಡಿ.

ಬೀದರ ಅಕ್ಕ

ತಮ್ಮಾ, ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಹುಟ್ಟಿ ಬೆಳೆದವಳು. ಬೀದರಿಗೆ ಸೊಸೆಯಾಗಿ ಬಂದು 22 ವರ್ಷ. ಸರ್ಕಾರಿ ಶಾಲೆಯಲ್ಲಿ ಟೀಚರ್. ಬಂದ ಮೊದಲ ಬೇಸಿಗೆಯಲ್ಲೇ ನನಗೆ ಈ ಊರು ಹಿಡಿಸಿತು. ಬೀದರ ಕಲಬುರಗಿಗಿಂತ 200 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಬಿಸಿಲು ಇಲ್ಲೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ರಾತ್ರಿ ಹತ್ತಾದರೆ ಮಾಳಿಗೆ ತಣ್ಣಗಾಗುತ್ತದೆ, ನಿದ್ದೆ ಬರುತ್ತದೆ. ಕಲಬುರಗಿಯಲ್ಲಿ ಮಧ್ಯರಾತ್ರಿಯೂ ಗೋಡೆ ಮುಟ್ಟಿದರೆ ಕೈಗೆ ಬಿಸಿ ಹತ್ತುತ್ತದೆ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಇಲ್ಲಿನ ಹವೆ ಮೆಚ್ಚಿ ತಂದರು ಅಂತ ನಮ್ಮೂರಿನವರು ಹೇಳುತ್ತಾರೆ. ಮೇ ತಿಂಗಳಲ್ಲಿ ತವರಿಗೆ ಹೋಗಿ ವಾಪಸ್ ಬಂದಾಗಲೆಲ್ಲ ನನಗೂ ಹಾಗೇ ಅನ್ನಿಸುತ್ತದೆ.

ಓದಿನ ಊರು ಅನ್ನುವುದು ಇಲ್ಲಿ ಹೊಸ ಮಾತಲ್ಲ. ಮಹಮೂದ್ ಗವಾನನ ಮದರಸಾ 1472ರದ್ದು. ಅದರ ಒಂದು ಮಿನಾರ್ ಮೇಲೆ ನೀಲಿ, ಹಸಿರು ಹೆಂಚಿನ ಚೂರುಗಳು ಇನ್ನೂ ಉಳಿದಿವೆ. ನಮ್ಮ ಶಾಲೆ ಮಕ್ಕಳನ್ನು ವರ್ಷಕ್ಕೊಮ್ಮೆ ಕರೆದುಕೊಂಡು ಹೋಗುತ್ತೇನೆ. ಈಗ ಪಶು ವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಸರ್ಕಾರಿ ಮೆಡಿಕಲ್ ಕಾಲೇಜು, ಎಂಜಿನಿಯರಿಂಗ್ ಕಾಲೇಜುಗಳು ಇವೆ. ನೀಟ್ ತರಬೇತಿಗೆ ಅಂತ ದೂರದೂರದ ಮಕ್ಕಳು ಬರುತ್ತಾರೆ. ಅವರ ಹಾಸ್ಟೆಲ್ ಇರುವ ಕಡೆ ಬಾಡಿಗೆ ಏರಿದೆ, ಉಳಿದ ಕಡೆ ಸಾಧಾರಣ ಸಂಸಾರ ಹಿಡಿಯುವಷ್ಟು ಇದೆ.

ಕೊರತೆಯನ್ನೂ ಹೇಳುತ್ತೇನೆ. ಊರು ಸಣ್ಣದು. ಈ ಕೆಲಸ ಹೋದರೆ ನಿಮ್ಮ ಹೆಂಡತಿಗೆ ಇಲ್ಲಿ ಮತ್ತೊಂದು ಕಾಲೇಜು ಸಿಗುವುದು ಕಷ್ಟ. ದೊಡ್ಡ ಕಾಯಿಲೆ ಬಂದರೆ ಎಲ್ಲರೂ ಹೈದರಾಬಾದಿಗೆ ಓಡುತ್ತಾರೆ. ನಾವೂ ಅತ್ತೆಯವರ ಹೃದಯದ ಆಪರೇಷನ್‌ಗೆ ಅಲ್ಲಿಗೇ ಹೋದೆವು. ಸುಮಾರು 140 ಕಿಲೋಮೀಟರ್, ಮೂರು ತಾಸು. ಖರ್ಚಿಗೆ ಕೈಯಲ್ಲಿ ಸ್ವಲ್ಪ ದುಡ್ಡು ಇಟ್ಟುಕೊಂಡೇ ಇರಬೇಕು.

ನಿಮ್ಮ ಹೊಲ ಕಮಲಾಪುರದ ಹತ್ತಿರ ಅಂತ ಓದಿದ ಕೂಡಲೇ ನನಗೆ ಖುಷಿಯಾಯಿತು. ಬೀದರ–ಕಲಬುರಗಿ ರೈಲು ದಾರಿ 110 ಕಿಲೋಮೀಟರ್. 2017ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹುಮನಾಬಾದ್, ಕಮಲಾಪುರ ಎಲ್ಲ ಆ ದಾರಿಯಲ್ಲೇ ಬರುತ್ತವೆ. ಬಸ್ಸಂತೂ ಇದ್ದೇ ಇದೆ. ಅಂದರೆ ನಿಮ್ಮ ಅಪ್ಪ ಈಗ ಈ ಕಡೆಯಿಂದ ಹೊಲಕ್ಕೆ ಹೋಗುತ್ತಾರೆ, ಮುಂದೆ ಆ ಕಡೆಯಿಂದ ಬರುತ್ತಾರೆ. ರೊಟ್ಟಿ ಕಟ್ಟಿಸಿಕೊಂಡು ಹೋಗುವುದು ಬಿಡಬೇಕಾಗಿಲ್ಲ.

ಮಾತಿನ ವಿಷಯ. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಕೇಳುತ್ತದೆ. ಕಲಬುರಗಿ ಮಾರ್ಕೆಟ್‌ನಲ್ಲಿ ಮಾತಾಡಿದವರಿಗೆ ಇದೇನೂ ಹೊಸದಲ್ಲ. ಮತ್ತೆ ಇದು ಬೇಳೆಕಾಳಿನ ಜಿಲ್ಲೆ. ತೊಗರಿ, ಉದ್ದು, ಹೆಸರು, ಕಡಲೆ ಗೊತ್ತಿಲ್ಲದ ಮುದುಕರು ಇಲ್ಲಿ ಯಾರೂ ಇಲ್ಲ.

ಭೀಮಾ ದಂಡೆ (ಯಾದಗಿರಿ, ಈಗ ಮಣಿಪಾಲ)

ಈ ಉತ್ತರ ಅಕ್ಕಾವ್ರಿಗೆ, ಅಂದರೆ ನಿಮ್ಮ ಹೆಂಡತಿಗೆ. ಅವರಿಗೂ ಓದಲು ಕೊಡಿ ಸರ್.

ಅಕ್ಕಾ, ನಾನು ಯಾದಗಿರಿಯವಳು. ಏಳು ವರ್ಷದಿಂದ ಮಣಿಪಾಲದಲ್ಲಿ ಸ್ಟಾಫ್ ನರ್ಸ್. ನಿಮ್ಮ ಆಸೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಇಲ್ಲಿನ ಮೆಡಿಕಲ್ ಕಾಲೇಜು 1953ರದ್ದು. ಅಷ್ಟು ವರ್ಷದಿಂದ ಕಟ್ಟಿಕೊಂಡು ಬಂದ ಶಿಸ್ತು ವಾರ್ಡಿನಲ್ಲಿ ಕಾಣುತ್ತದೆ. ನಮ್ಮ ಕೆಲಸಕ್ಕೆ ಬೆಲೆ ಇದೆ. ಒಂದು ಸಣ್ಣ ಗಾಯದ ಡ್ರೆಸ್ಸಿಂಗ್ ಮಾಡುವುದಕ್ಕೂ ಪದ್ಧತಿ ಇದೆ, ಕೇಳಿದರೆ ಹೇಳಿಕೊಡುವವರಿದ್ದಾರೆ. ನಾನು ಇಲ್ಲಿ ಕಲಿತಷ್ಟು ಬೇರೆಲ್ಲೂ ಕಲಿಯುತ್ತಿರಲಿಲ್ಲ. ನೀವು ಒಬ್ಬರೇ ಆಗಿದ್ದರೆ ನಾಳೆಯೇ ಬನ್ನಿ ಅನ್ನುತ್ತಿದ್ದೆ.

ಆದರೆ ನನ್ನ ಅವ್ವನ ಕಥೆ ಹೇಳಬೇಕು.

ಮೂರು ವರ್ಷದ ಹಿಂದೆ ಅವ್ವನನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಬರುವಾಗ ಹತ್ತು ಕಿಲೋ ಜೋಳದ ಹಿಟ್ಟು ಬೀಸಿಸಿಕೊಂಡು ಬಂದಿದ್ದಳು. ಅದು ಜೂನ್ ಮೊದಲ ವಾರ. ನಮ್ಮ ಕಡೆ ವರ್ಷಕ್ಕೆ 800 ಮಿಲಿಮೀಟರಿನ ಒಳಗೆ ಮಳೆ, ಇಲ್ಲಿ ಉಡುಪಿ ಕಡೆ ಸುಮಾರು 4000. ಮಳೆ ಹಿಡಿದ ಮೇಲೆ ಮನೆಯೊಳಗಿನ ಗೋಡೆಯೂ ಬೆವರುತ್ತದೆ. ಬಟ್ಟೆ ಮೂರು ದಿನ ಒಣಗುವುದಿಲ್ಲ. ಹದಿನೈದು ದಿನಕ್ಕೆ ಹಿಟ್ಟಿಗೆ ಮುಗ್ಗಿನ ವಾಸನೆ ಬಂತು. ಅವ್ವ ಬಿಸಿನೀರು ಹಾಕಿ ನಾದಿದಳು, ಜಿಗುಟು ಬರಲಿಲ್ಲ. ತಟ್ಟಲು ಹೋದರೆ ಅಂಚು ಒಡೆಯಿತು. ಮತ್ತೆ ಮುದ್ದೆ ಮಾಡಿ ನಾದಿದಳು, ಮತ್ತೆ ಒಡೆಯಿತು. ಮೂರನೇ ಸಲ ಹಿಟ್ಟನ್ನು ಹಾಗೇ ಪರಾತದಲ್ಲಿ ಬಿಟ್ಟು, ಕೈ ತೊಳೆಯದೆ ಕಿಟಕಿ ಹತ್ತಿರ ಹೋಗಿ ನಿಂತಳು. ಹೊರಗೆ ಮಳೆ. ನಾನು ಡ್ಯೂಟಿಗೆ ಹೊರಟಿದ್ದೆ. "ಹೋಗು, ಹೊತ್ತಾಗ್ತದ" ಅಂದಳು. 12 ತಾಸಿನ ಡ್ಯೂಟಿ ಮುಗಿಸಿ ಬಂದಾಗಲೂ ಹಿಟ್ಟು ಪರಾತದಲ್ಲೇ ಇತ್ತು.

ಪಕ್ಕದ ಮನೆಯ ಅಮ್ಮ ತುಂಬಾ ಒಳ್ಳೆಯವರು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ತಂದುಕೊಟ್ಟರು. ಅವರ ಮಾತು ತುಳು, ಅವ್ವನದು ನಮ್ಮ ಯಾದಗಿರಿ ಕನ್ನಡ. ಇಬ್ಬರೂ ನಗುತ್ತಿದ್ದರು, ಕೈ ಹಿಡಿಯುತ್ತಿದ್ದರು. ಆದರೆ ಎರಡು ತಾಸು ಕೂತು ಮಾತಾಡುವುದು ಆಗಲಿಲ್ಲ. ಅವ್ವ ನಲವತ್ತು ದಿನ ಇದ್ದಳು. ನಾನೇ ರಜೆ ಹಾಕಿ ಊರಿಗೆ ಬಿಟ್ಟು ಬಂದೆ.

ಮಣಿಪಾಲ ಗುಡ್ಡದ ಮೇಲಿನ ಊರು, ಎಲ್ಲಿಗೆ ಹೋದರೂ ಏರು ಇಳಿ. ಮಂಡಿ ನೋವಿನವರಿಗೆ ಅಂಗಡಿಗೆ ಹೋಗಿ ಬರುವುದೂ ಕಷ್ಟ. ರಸ್ತೆ ತುಂಬ ಓದುವ ಮಕ್ಕಳು, ದೇಶದ ಎಲ್ಲ ಕಡೆಯವರು. ರಜೆ ಬಿಟ್ಟರೆ ಅರ್ಧ ಊರು ಖಾಲಿ, ಹೋಟೆಲ್‌ಗಳು ಸುಮ್ಮನಾಗುತ್ತವೆ. ಅಜ್ಜಂದಿರು ಕೂರುವ ಕಟ್ಟೆ ನಾನು ನೋಡಿಲ್ಲ. ಅಂಥದ್ದು ಬೇಕೆಂದರೆ ಉಡುಪಿಯಲ್ಲಿ ಮನೆ ಮಾಡಿ. ಮಠದ ಸುತ್ತ, ರಥಬೀದಿಯಲ್ಲಿ ವಯಸ್ಸಾದವರು ಕೂತಿರುತ್ತಾರೆ, ಉಡುಪಿ–ಮಣಿಪಾಲ ಬಸ್ ಕ್ಷಣಕ್ಕೊಂದು ಇದೆ. ಬೇಸಿಗೆ 35 ಡಿಗ್ರಿ ಅಂತ ಕೇಳಿ ತಂಪು ಅಂದುಕೊಳ್ಳಬೇಡಿ. ನಮ್ಮದು ಝಳ, ಇಲ್ಲಿನವರು ಸೆಕೆ ಅನ್ನುತ್ತಾರೆ, ಎರಡೂ ಬೇರೆ. ಝಳಕ್ಕೆ ಒಳಗೆ ಕೂತರೆ ಆಯಿತು. ಸೆಕೆ ಒಳಗೂ ಬಿಡುವುದಿಲ್ಲ, ಮೈ ಒಣಗುವುದೇ ಇಲ್ಲ.

ಯಾವ ಊರಾದರೂ ಸರಿ, ತೀರ್ಮಾನ ಮಾಡುವ ಮೊದಲು ನಿಮ್ಮ ಮಾವನವರನ್ನು ಕರೆದುಕೊಂಡು ಹೋಗಿ ಎಂಟು ದಿನ ಇರಿ. ಲಾಡ್ಜ್ ಬೇಡ, ಅಡುಗೆ ಮಾಡಿಕೊಳ್ಳುವ ರೂಮ್ ತೆಗೆದುಕೊಳ್ಳಿ. ಅವರನ್ನು ದೇವಸ್ಥಾನ, ಸಮುದ್ರ ಅಂತ ತಿರುಗಿಸಬೇಡಿ. ಸಂಜೆ ಐದಕ್ಕೆ ಒಬ್ಬರನ್ನೇ ಹೊರಗೆ ಬಿಡಿ. ಎಷ್ಟೊತ್ತಿಗೆ ವಾಪಸ್ ಬರುತ್ತಾರೆ ನೋಡಿ. ನಾನು ಅವ್ವನ ವಿಷಯದಲ್ಲಿ ಹಾಗೆ ಮಾಡಲಿಲ್ಲ. ಒಂದೇ ಸಲ ಸಾಮಾನು ಕಟ್ಟಿಸಿ ಕರೆದುಕೊಂಡು ಬಂದೆ, ಅದು ನನ್ನ ತಪ್ಪು.

ಶಹಾಪುರ ಮಾಸ್ತರ

ಮಗಳ ವಿಷಯದಲ್ಲಿ ಒಂದು ಮಾತು. ಊರು ಯಾವುದೇ ಆಗಲಿ, 371ಜೆ ಅರ್ಹತಾ ಪ್ರಮಾಣಪತ್ರವನ್ನು, ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಯ ಪತ್ರವನ್ನು, ಈಗಲೇ ಮಾಡಿಸಿ. ಸಹಾಯಕ ಆಯುಕ್ತರ ಕಚೇರಿಯಲ್ಲಿ ಸಿಗುತ್ತದೆ. ವಾಸ, ಶಾಲೆ ದಾಖಲೆಗಳೆಲ್ಲ ಕಲಬುರಗಿಯಲ್ಲಿರುವಾಗ ಓಡಾಟ ಕಡಿಮೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಹಕ್ಕು ಇದು. ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಶೇಕಡಾ 70 ಸೀಟು, ಹೊರಗೆ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8. ಎಷ್ಟೋ ಮನೆಯವರು ಸಿಇಟಿ ಅರ್ಜಿ ಹಾಕುವ ವಾರ ಬಂದಾಗ ಕಚೇರಿ ಮುಂದೆ ಸಾಲು ನಿಲ್ಲುತ್ತಾರೆ. ಪ್ರತಿ ವರ್ಷ ನೋಡಿ ನನಗೆ ಹೊಟ್ಟೆ ಉರಿಯುತ್ತದೆ.

ಬಿ.ಎಸ್ಸಿ. ಕೃಷಿಗೆ ಧಾರವಾಡವೇ ಆಗಬೇಕು ಅಂತ ಇಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯ ನಮ್ಮದು. ಅದರ ಕಾಲೇಜು ಕಲಬುರಗಿಯಲ್ಲಿದೆ, ನಮ್ಮ ಭೀಮರಾಯನಗುಡಿಯಲ್ಲೂ ಇದೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಸೀಟು ಇವೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಕಾಳು, ಕಳೆ, ಸಲಕರಣೆ ತೋರಿಸಿ ಗುರುತಿಸಲು ಹೇಳುತ್ತಾರೆ. ಅಜ್ಜನ ಜೊತೆ ಹೊಲಕ್ಕೆ ಹೋಗುವ ಹುಡುಗಿ ಅಂದಿರಿ, ಆ ಅಭ್ಯಾಸ ತಪ್ಪಿಸಬೇಡಿ. ಪಹಣಿ ಯಾರ ಹೆಸರಲ್ಲಿದೆ, ವಂಶಾವಳಿ ಸರಿಯಾಗಿದೆಯಾ, ಅದನ್ನೂ ನೋಡಿಟ್ಟುಕೊಳ್ಳಿ.

ತೊಗರಿ ಹೊಲ (ಕಲಬುರಗಿ)

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಐದು ವಾರ ಆಯಿತು. ನಡೆದದ್ದು ಹೇಳುತ್ತೇನೆ.

ಭೀಮಾ ದಂಡೆ ತಂಗಿ, ನೀವು ಬರೆದದ್ದನ್ನು ಹೆಂಡತಿಗೆ ಓದಲು ಕೊಟ್ಟೆ. ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ ಅವಳೇ ಹೇಳಿದಳು, ಎಂಟು ದಿನ ಇದ್ದು ನೋಡೋಣ ಅಂತ. ಮಣಿಪಾಲಕ್ಕೆ ಅಪ್ಪನನ್ನು ಕರೆದುಕೊಂಡು ಹೋಗಲಿಲ್ಲ, ಪ್ರಯಾಣವೇ ಅವರಿಗೆ ಜಾಸ್ತಿ. ದೀಪಾವಳಿ ರಜೆಯಲ್ಲಿ ಧಾರವಾಡದಲ್ಲಿ ನಾಲ್ಕು ದಿನ, ಬೀದರದಲ್ಲಿ ಆರು ದಿನ ಇದ್ದೆವು.

ಧಾರವಾಡದಲ್ಲಿ ಮಗಳು ಕೃಷಿ ವಿಶ್ವವಿದ್ಯಾಲಯ ನೋಡಿ ಬಂದ ಮೇಲೆ ಬೇರೆ ಮಾತೇ ಆಡಲಿಲ್ಲ. ಅಪ್ಪನಿಗೂ ಊರು ಹಿಡಿಸಿತು. ಸಂಜೆ ಕೆಲಗೇರಿ ಕೆರೆ ಕಡೆ ಹೋಗಿ ಒಂದು ತಾಸಿಗೆ ವಾಪಸ್ ಬರುತ್ತಿದ್ದರು. ಮಂದಿ ಚೆನ್ನಾಗಿ ಮಾತಾಡಿಸುತ್ತಾರೆ ಅಂದರು. ಮೂರನೇ ದಿನ ರಾತ್ರಿ ಮಲಗುವ ಮುಂದೆ ಕೇಳಿದರು: "ಇಲ್ಲಿಂದ ಹೊಲಕ್ಕ ಹೋಗಾಕ ಎಷ್ಟ್ ಬಸ್ ಬದಲಾಯಿಸಬೇಕು?" ಹೇಳಿದೆ. ಮುಸುಕು ಎಳೆದುಕೊಂಡರು.

ಬೀದರಿಗೆ ರೈಲಿನಲ್ಲಿ ಹೋದೆವು. ಕಮಲಾಪುರ ದಾಟುವಾಗ ಕಿಟಕಿಯಿಂದ ಕೈ ಚಾಚಿ ಮಗಳಿಗೆ ನಮ್ಮ ಹೊಲದ ದಿಕ್ಕು ತೋರಿಸಿದರು. ತೊಗರಿ ಹೂ ಬಿಟ್ಟಿತ್ತು, ಎಲ್ಲಿ ನೋಡಿದರೂ ಹಳದಿ. ಎರಡನೇ ದಿನ ಸಂಜೆ ಐದಕ್ಕೆ ಅಪ್ಪನನ್ನು ಒಬ್ಬರೇ ಹೊರಗೆ ಬಿಟ್ಟೆ. ಏಳಾಯಿತು, ಬರಲಿಲ್ಲ. ಏಳೂವರೆಗೆ ನಾನೇ ಹುಡುಕಿಕೊಂಡು ಹೋದೆ. ಕೋಟೆ ಕಡೆ ಹೋಗುವ ರಸ್ತೆಯಲ್ಲಿ ಸೀತಾಫಲ ಮಾರುವ ಒಬ್ಬ ಅಜ್ಜನ ಬುಟ್ಟಿ ಪಕ್ಕ ಗೋಣಿ ಹಾಸಿಕೊಂಡು ಕೂತಿದ್ದರು. ಅವರದು ಉರ್ದು ಬೆರೆತ ಕನ್ನಡ, ಅಪ್ಪನದು ಕನ್ನಡ ಬೆರೆತ ಉರ್ದು. ನನ್ನನ್ನು ನೋಡಿದ ಆ ಅಜ್ಜ, "ಬೈಠೋ ಬೇಟಾ, ಇನ್ನಾ ತೊಗರಿ ಮಾತೇ ಮುಗಿದಿಲ್ಲ" ಅಂದರು. ನಾನೂ ಕೂತೆ. ಎದ್ದಾಗ ಎಂಟೂಕಾಲು. ಬುಟ್ಟಿಯಲ್ಲಿ ಉಳಿದಿದ್ದ ಆರು ಹಣ್ಣನ್ನು ಅಪ್ಪನ ಟವೆಲ್‌ಗೆ ಹಾಕಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಬೀದರಕ್ಕೆ ಹೋಗುವುದು ಅಂತ ತೀರ್ಮಾನ ಆಗಿದೆ. ಇದರಲ್ಲಿ ಹೆಂಡತಿ ಬಿಟ್ಟುಕೊಟ್ಟದ್ದು ದೊಡ್ಡದು, 17 ಸಾವಿರದ ಲೆಕ್ಕವಷ್ಟೇ ಅಲ್ಲ. "ಮಗಳ ಪಿಯುಸಿ ಮುಗಿಯೋ ತನಕ ಬೀದರ. ಆಮೇಲೆ ನಾನು ಪಿಎಚ್.ಡಿ.ಗೆ ಮಣಿಪಾಲಕ್ಕೆ ಅರ್ಜಿ ಹಾಕ್ತೀನಿ, ಆಗ ನೀವು ಬೇಡ ಅನ್ನಬಾರದು" ಅಂದಿದ್ದಾಳೆ. ನಾನು ಒಪ್ಪಿದ್ದೇನೆ. ಅಪ್ಪನ ಮುಂದೆಯೇ ಒಪ್ಪಿದ್ದೇನೆ, ಇಲ್ಲೂ ಬರೆದಿಡುತ್ತಿದ್ದೇನೆ.

ಮಾಸ್ತರೇ, 371ಜೆ ಅರ್ಜಿ ಕೊಟ್ಟಾಯಿತು. ಪಹಣಿ ಇನ್ನೂ ತೀರಿಹೋದ ನನ್ನ ಅಜ್ಜನ ಹೆಸರಲ್ಲೇ ಇತ್ತು, ನೀವು ಹೇಳದಿದ್ದರೆ ನೋಡುತ್ತಲೇ ಇರಲಿಲ್ಲ. ಫೌತಿ ಖಾತೆ, ಅಂದರೆ ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಲು ಓಡಾಡುತ್ತಿದ್ದೇನೆ.

ಬೀದರ ಅಕ್ಕಾವ್ರೆ, ನಿಮ್ಮಿಂದ ಇನ್ನೊಂದು ಸಹಾಯ ಬೇಕು. ಕೆಳಗಿನ ಮನೆ, ಎರಡು ಕೋಣೆ, ರೈಲ್ವೆ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ, ಮುಂದೆ ಒಂದು ಕಟ್ಟೆ ಇದ್ದರೆ ಇನ್ನೂ ಒಳ್ಳೆಯದು. ತೊಗರಿ ರಾಶಿ ಮುಗಿಸಿಯೇ ಅಪ್ಪ ಹೊರಡುವುದು, ಹಾಗಾಗಿ ಜನವರಿ ಕೊನೆಗೆ ಬೇಕು. ನಿಮ್ಮ ಓಣಿಯಲ್ಲಿ ಯಾವುದಾದರೂ ಖಾಲಿ ಆಗುವುದಿದ್ದರೆ ತಿಳಿಸಿ.